ಮನೆಯ ಕಾಫಿ ಫಿಲ್ಟರಿಗೆ ಎಷ್ಟು ಹಣ?

ಅರ್ಥಶಾಸ್ತ್ರವೆಂದೊಡನೆ ನಮ್ಮಲ್ಲಿ ಅನೇಕರಿಗೆ ಬಜೆಟ್ಟು, ಬ್ಯಾಂಕು, ವಿದೇಶೀ ವ್ಯಾಪಾರ ಮೊದಲಾದ ದೊಡ್ಡ ವಿಷಯಗಳೇ ನೆನಪಿಗೆ ಬರುತ್ತವೆ. ಅಡಿಗೆಮನೆಯಲ್ಲಿ ದಿನವೂ ನಡೆಯುವ ಆಯ-ವ್ಯಯವೂ ಅದೇ ಶಾಸ್ತ್ರಕ್ಕೆ ಸೇರಿದುದೆಂಬುದನ್ನು ಮರೆತುಬಿಡುತ್ತೇವೆ. ಆಲ್‌ಫ್ರೆಡ್ ಮಾರ್ಷಲನು ೧೮೯೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಆರಂಭದಲ್ಲಿಯೇ ಈ ಶಾಸ್ತ್ರದ ವಸ್ತು ಮನುಷ್ಯನ ದಿನನಿತ್ಯದ ವ್ಯವಹಾರವೆಂದು ಹೇಳಿದ್ದಾನೆ. ಆ ಮಾತನ್ನು ನಂಬಿ, ನಾನು ಇಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ: ಮನೆಯಲ್ಲಿ ಕಾಫಿಯನ್ನು ಹನಿಹನಿಯಾಗಿ ಇಳಿಸುವ ಪಾತ್ರೆಗೆ ಅಥವಾ ಯಂತ್ರಕ್ಕೆ ಎಷ್ಟು ಹಣವನ್ನು ವೆಚ್ಚ ಮಾಡುವುದು ಯುಕ್ತ?

ಬೀದರದಲ್ಲಿ ಕುಳಿತು ಕಾಫಿಯ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮದು ಚಹಾದ ಸೀಮೆ. ೧೯೫೬ರ ನವೆಂಬರ್ ೧ರವರೆಗೆ ಬೀದರ, ಭಾಲ್ಕಿ, ಔರಾದ ಪ್ರದೇಶಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಇರಾನಿ ಹೋಟೆಲಿನ ಚಹಾ ನಮಗೆ ನೆರೆಮನೆಯ ವಸ್ತು. ಕಾಫಿಯೋ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದ ಚಿಕ್ಕಮಗಳೂರು, ಕೊಡಗು, ಹಾಸನಗಳ ಬೆಳೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಸರ್ವವಿದಿತವಾಗಿದೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದೇ. ಏಕೀಕರಣದ ಬಳಿಕ ಶಿಕ್ಷಕರಾಗಿ, ಗುಮಾಸ್ತರಾಗಿ, ಅಧಿಕಾರಿಗಳಾಗಿ ದಕ್ಷಿಣದಿಂದ ನಮ್ಮ ಜಿಲ್ಲೆಗೆ ಬಂದವರೊಡನೆ ಅವರ ಕಾಫಿಯೂ ಬಂದಿತು. ನಮ್ಮ ಹುಡುಗಿಯರು ಆ ಕಡೆಯವರನ್ನು ಮದುವೆಯಾದ ಮೇಲಂತೂ ಚಹಾ ಮತ್ತು ಕಾಫಿ ಒಂದೇ ಒಲೆಯ ಮೇಲೆ ಕುಳಿತಿವೆ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಭಾಲ್ಕಿಯಲ್ಲಿರುವ ನನ್ನ ಅಕ್ಕ, ಭಾವ ಇಬ್ಬರೂ ಶಿಕ್ಷಕರು. ಭಾವ ಸಕಲೇಶಪುರದ ಕಡೆಯವರು. ಮದುವೆಯಾಗಿ ಮೂರು ವರ್ಷವಾದರೂ ಅವರಿಗೆ ಬೆಳಗಿನ ಚಹಾ ಒಗ್ಗಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಕಾಫಿಗೆ ಸಮಯ ಸಾಲದೆಂದು ಅವರ ಮನೆಗೆ ವಿದ್ಯುತ್ತಿನಿಂದ ನಡೆಯುವ ಒಂದು ಕಾಫಿ ಯಂತ್ರವನ್ನು ಕೊಳ್ಳುವ ಮಾತು ಹೋದ ವರ್ಷ ಎದ್ದಿತು. ಅಕ್ಕ ಕೂಡಿಟ್ಟಿದ್ದ ಹಣ ಹದಿನೈದು ಸಾವಿರ ರೂಪಾಯಿ. ನೋಡಿಟ್ಟ ಯಂತ್ರದ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದೇ ಹಣದಿಂದ ಮಳೆಗಾಲಕ್ಕೆ ಮೊದಲು ಅಡಿಗೆಮನೆಯ ಸೋರುವ ಮಾಳಿಗೆಯನ್ನೂ ದುರಸ್ತಿ ಮಾಡಿಸಬೇಕಾಗಿತ್ತು. “ಚಾ ಕುಡಿಯೋ ಸೀಮ್ಯಾಗ ಈ ಮಸೀನ ಯಾಕ ಬೇಕು?” ಎಂದು ಔರಾದಿನಿಂದ ಆಯಿ ಕೇಳಿದಳು. “ಅವರು ಮನೆ ಬಿಟ್ಟು ಇಷ್ಟು ದೂರ ಬಂದಾರ, ಒಂದು ಲೋಟ ಕಾಫಿಗೂ ಲೆಕ್ಕ ಹಾಕಬೇಕೇನು?” ಎಂದು ಅವ್ವ ಉತ್ತರ ಕೊಟ್ಟಳು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಅರ್ಥಶಾಸ್ತ್ರ ಓದುವ ನನ್ನ ಕೈಗೆ ಲೆಕ್ಕ ಬಂದಿತು. ಆ ಲೆಕ್ಕದ ಕ್ರಮವನ್ನೇ ಈ ಲೇಖನದಲ್ಲಿ ಮುಂದಿಡುತ್ತಿದ್ದೇನೆ.

ಮೊದಲು ವಸ್ತುವನ್ನು ಅರಿಯಬೇಕು. ಪುಡಿಯ ಮೇಲೆ ಬಿಸಿನೀರು ಹಾಕಿ, ಅದು ತನ್ನ ಭಾರದಿಂದಲೇ ಕೆಳಗಿಳಿಯುವಂತೆ ಮಾಡುವುದು ಈ ವಿಧಾನದ ತಿರುಳು. ಸುಮಾರು ೧೮೦೦ರ ವೇಳೆಗೆ ಪ್ಯಾರಿಸ್ ನಗರದಲ್ಲಿ ಇದಕ್ಕಾಗಿ ಎರಡು ಅಂತಸ್ತಿನ ಪಾತ್ರೆ ಬಳಕೆಗೆ ಬಂದಿತ್ತು. ೧೯೦೮ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ, ಮಗನ ಶಾಲಾ ಪುಸ್ತಕದ ಒತ್ತುಕಾಗದವನ್ನು ತೂತು ಕೊರೆದ ಹಿತ್ತಾಳೆಯ ಪಾತ್ರೆಯೊಳಗಿಟ್ಟು ಕಾಫಿ ಸೋಸಿ, ಕಾಗದದ ಫಿಲ್ಟರಿಗೆ ಹಕ್ಕುಪತ್ರ ಪಡೆದಳು. ೧೯೫೪ರಲ್ಲಿ ಅದೇ ದೇಶದಲ್ಲಿ ವಿದ್ಯುತ್ತಿನ ಯಂತ್ರವೂ ಹುಟ್ಟಿತು. ನಮ್ಮ ದಕ್ಷಿಣದ ಮನೆಗಳಲ್ಲಿರುವ ಹಿತ್ತಾಳೆ ಅಥವಾ ಸ್ಟೀಲಿನ ಫಿಲ್ಟರು ಇದೇ ವಂಶಕ್ಕೆ ಸೇರಿದುದು: ಮೇಲೆ ಸಣ್ಣ ರಂಧ್ರಗಳ ಡಬ್ಬಿ, ಕೆಳಗೆ ಡಿಕಾಕ್ಷನ್ ಸಂಗ್ರಹಿಸುವ ಡಬ್ಬಿ, ಪುಡಿಯನ್ನು ಒತ್ತಿ ಹಿಡಿಯಲು ಕಾಂಡವುಳ್ಳ ಒಂದು ಬಿಲ್ಲೆ, ಒಂದು ಮುಚ್ಚಳ. ಇದರಲ್ಲಿ ತಿರುಗುವ ಭಾಗವಿಲ್ಲ, ಸುಡುವ ತಂತಿಯಿಲ್ಲ. ಆದಕಾರಣ ಕೆಡುವುದಕ್ಕೂ ಏನೂ ಇಲ್ಲ.

ವಿದ್ಯುತ್ತಿನ ಯಂತ್ರದ ರಚನೆಯೂ ಹೊರಗಿನಿಂದ ಕಾಣುವಷ್ಟು ಜಟಿಲವಲ್ಲ. ತೊಟ್ಟಿಯ ನೀರು ಒಂದು ಕೊಳವೆಯ ಮೂಲಕ ತಳದಲ್ಲಿರುವ ಕಾಯಿಸುವ ಸುರುಳಿಗೆ ಬರುತ್ತದೆ. ಅಲ್ಲಿ ಕುದಿಯುವಾಗ ಏಳುವ ಗುಳ್ಳೆಗಳು ನೀರನ್ನು ಮೇಲಕ್ಕೆ ತಳ್ಳುತ್ತವೆ. ಅದು ಪುಡಿಯ ಮೇಲೆ ಬಿದ್ದು, ಸೋಸಿ, ಗಾಜಿನ ಹೂಜಿಗೆ ಇಳಿಯುತ್ತದೆ. ಅದೇ ಸುರುಳಿ ಹೂಜಿಯ ತಳವನ್ನೂ ಬಿಸಿಯಾಗಿಡುತ್ತದೆ. ಹಾಗಾದರೆ ಎರಡು ಸಾವಿರದ ಯಂತ್ರಕ್ಕೂ ಹದಿನೈದು ಸಾವಿರದ ಯಂತ್ರಕ್ಕೂ ಭೇದವೇನು? ಮುಖ್ಯವಾಗಿ ಮೂರು. ಒಂದು, ನೀರಿನ ಶಾಖ. ಕಾಫಿಯ ರುಚಿ ಚೆನ್ನಾಗಿ ಇಳಿಯಲು ನೀರು ಸುಮಾರು ೯೦ರಿಂದ ೯೬ ಡಿಗ್ರಿ ಸೆಲ್ಸಿಯಸ್ ಇರಬೇಕು. ಅಗ್ಗದ ಯಂತ್ರಗಳಲ್ಲಿ ಮೊದಲು ಬೀಳುವ ನೀರು ಎಷ್ಟೋ ವೇಳೆ ಅಷ್ಟು ಬಿಸಿಯಾಗಿರುವುದಿಲ್ಲ. ಎರಡು, ನೀರು ಹರಡುವ ರೀತಿ. ಅಗ್ಗದವುಗಳಲ್ಲಿ ಒಂದೇ ಕಡೆ ಧಾರೆ ಬಿದ್ದು ನಡುವಿನ ಪುಡಿ ಮಾತ್ರ ತೊಯ್ಯುತ್ತದೆ. ಮೂರು, ಬಿಸಿಯನ್ನು ಕಾಯುವ ಬಗೆ. ಬಿಸಿ ತಟ್ಟೆಯ ಮೇಲೆ ಬಹಳ ಹೊತ್ತು ಇಟ್ಟ ಕಾಫಿ ಕಹಿಯಾಗುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಅದರ ಬದಲು ಥರ್ಮಾಸ್ ಹೂಜಿ ಇರುತ್ತದೆ. ಉಳಿದ ದೀಪ, ಗಡಿಯಾರ, ಗುಂಡಿಗಳೆಲ್ಲ ಅಲಂಕಾರ.

ಈ ಮೂರನ್ನೂ ಕೈಯಿಂದಲೇ ಸಾಧಿಸಬಹುದೆಂಬುದು ಗಮನಾರ್ಹ. ಎತ್ತರ ಹೆಚ್ಚಿದಂತೆ ನೀರು ಕುದಿಯುವ ಶಾಖ ಕಡಿಮೆಯಾಗುತ್ತದೆಂದು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಮುನ್ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ. ಬೀದರ ನಗರವು ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಆದುದರಿಂದ ಇಲ್ಲಿ ನೀರು ಸುಮಾರು ೯೮ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಒಲೆಯಿಂದಿಳಿಸಿ ಅರೆನಿಮಿಷ ಬಿಟ್ಟರೆ ಬೇಕಾದ ಶಾಖಕ್ಕೆ ಬಂದಿರುತ್ತದೆ. ಸುತ್ತಲೂ ನಿಧಾನವಾಗಿ ಸುರಿದರೆ ಪುಡಿಯೆಲ್ಲ ತೊಯ್ಯುತ್ತದೆ. ಬೆಲೆಯುಳ್ಳ ಯಂತ್ರವು ಮಾರುವುದು ಈ ಎರಡು ಎಚ್ಚರಗಳನ್ನೇ. ಎಚ್ಚರ ನಮ್ಮಲ್ಲಿದ್ದರೆ ಅದನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದುದು. ವಿದೇಶೀ ಮಾದರಿಯ ಯಂತ್ರವು ಹಾಲಿಲ್ಲದೆ ಕುಡಿಯುವವರಿಗಾಗಿ ರಚಿತವಾದುದು. ಅದರಲ್ಲಿ ಒಂದು ಲೀಟರ್ ನೀರಿಗೆ ೫೫ರಿಂದ ೬೦ ಗ್ರಾಂ ಪುಡಿ ಹಾಕುತ್ತಾರೆ. ಇಳಿಯುವುದು ತಿಳಿಯಾದ ಕರಿಯ ಕಾಫಿ. ನಮ್ಮ ಫಿಲ್ಟರಿನಲ್ಲಿಯಾದರೋ ಅದೇ ೬೦ ಗ್ರಾಂ ಪುಡಿಗೆ ೩೦೦ ಮಿಲಿಲೀಟರ್ ನೀರು ಸಾಕು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ೧೮೦ ಮಿಲಿಲೀಟರಿನಷ್ಟು ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಲೋಟಕ್ಕೆ ೩೦ರಂತೆ ಹಾಕಿ ಹಾಲು ಬೆರೆಸಿದರೆ ಆರು ಲೋಟವಾಯಿತು. ತಿಳಿಯಾದ ಕರಿಯ ಕಾಫಿಗೆ ಅರ್ಧದಷ್ಟು ಹಾಲು ಸುರಿದರೆ ನೀರಾದ ಹಾಲು ಸಿಕ್ಕೀತೇ ಹೊರತು ಸಕಲೇಶಪುರದ ಕಾಫಿ ಸಿಕ್ಕಲಾರದು. ಇದು ಯಂತ್ರದ ದೋಷವಲ್ಲ. ಅದರ ಕೆಲಸವೇ ಬೇರೆ. ಡಿಕಾಕ್ಷನ್ನಿಗೆಂದೇ ಮಾಡಿದ ಚಿಕ್ಕ ವಿದ್ಯುತ್ ಯಂತ್ರಗಳು ನಮ್ಮ ದೇಶದಲ್ಲಿಯೇ ದೊರೆಯುತ್ತವೆ, ಬೆಲೆಯೂ ಅಷ್ಟಿಲ್ಲ. ಎಷ್ಟು ಹಣವೆಂದು ಕೇಳುವ ಮೊದಲು ಯಾವ ಕಾಫಿಯೆಂದು ಕೇಳಿಕೊಳ್ಳಬೇಕು.

ಈಗ ಲೆಕ್ಕಕ್ಕೆ ಬರೋಣ. ಪಾತ್ರೆಯ ಬೆಲೆ ಸ್ಥಿರ ವೆಚ್ಚ. ಪುಡಿ, ಹಾಲು, ಸಕ್ಕರೆಗಳದು ಬದಲಾಗುವ ವೆಚ್ಚ. ಸ್ಥಿರ ವೆಚ್ಚವನ್ನು ಒಟ್ಟು ಲೋಟಗಳಿಗೆ ಹಂಚಿದಾಗ ಮಾತ್ರ ಅದರ ನಿಜವಾದ ಭಾರ ತಿಳಿಯುತ್ತದೆ. ಉದಾಹರಣೆಗಾಗಿ ಮೂರು ವಸ್ತುಗಳನ್ನು ಇಟ್ಟುಕೊಳ್ಳೋಣ: ಐನೂರು ರೂಪಾಯಿಯ ಸ್ಟೀಲ್ ಫಿಲ್ಟರು, ಹತ್ತು ವರ್ಷ ಬಾಳುವುದೆಂದು, ಎರಡೂವರೆ ಸಾವಿರದ ವಿದ್ಯುತ್ ಯಂತ್ರ, ಐದು ವರ್ಷ, ಹದಿನೈದು ಸಾವಿರದ ಯಂತ್ರ, ಹತ್ತು ವರ್ಷ. ಇವು ಲೆಕ್ಕಕ್ಕಾಗಿ ಊಹಿಸಿದ ಅಂಕಿಗಳು. ಓದುಗರು ತಮ್ಮ ಪೇಟೆಯ ಬೆಲೆಗಳನ್ನು ಹಾಕಿಕೊಳ್ಳಬಹುದು. ಲೋಟಗಳ ಸಂಖ್ಯೆಯನ್ನು ಮಾತ್ರ ನಾನು ಊಹಿಸಲಿಲ್ಲ. ನಮ್ಮ ಕುಟುಂಬದ ಮೂರು ಮನೆಗಳಲ್ಲಿಯೂ ಕೇಳಿ ಬರೆದುಕೊಂಡೆನು.

ಭಾಲ್ಕಿಯ ಅಕ್ಕನ ಮನೆಯಲ್ಲಿ ಭಾವ ದಿನಕ್ಕೆ ಮೂರು, ಅಕ್ಕ ಎರಡು, ಒಟ್ಟು ಐದು ಲೋಟ, ವರ್ಷಕ್ಕೆ ೧,೮೨೫. ಬೀದರದ ನಮ್ಮ ಮನೆಯಲ್ಲಿ ಚಹಾವೇ ನಿತ್ಯ; ಭಾನುವಾರ ಮತ್ತು ಅತಿಥಿಗಳ ಲೆಕ್ಕದಲ್ಲಿ ಕಾಫಿ ವಾರಕ್ಕೆ ನಾಲ್ಕು ಲೋಟ; ವರ್ಷಕ್ಕೆ ೨೦೮. ಔರಾದಿನ ಮುತ್ಯಾನ ಮನೆಯಲ್ಲಿ ಭಾವ ಹೋದಾಗ ಮಾತ್ರ ಕಾಫಿ. ವರ್ಷಕ್ಕೆ ಮೂವತ್ತು ಲೋಟವಾದರೆ ಹೆಚ್ಚು.

ಹಂಚಿ ನೋಡಿದರೆ, ಸ್ಟೀಲ್ ಫಿಲ್ಟರಿನ ಭಾರ ಒಂದು ಲೋಟಕ್ಕೆ ಭಾಲ್ಕಿಯಲ್ಲಿ ಮೂರು ಪೈಸೆಗಿಂತ ಕಡಿಮೆ, ಬೀದರದಲ್ಲಿ ೨೪ ಪೈಸೆ, ಔರಾದಿನಲ್ಲಿ ೧ ರೂಪಾಯಿ ೬೭ ಪೈಸೆ. ಎರಡೂವರೆ ಸಾವಿರದ ಯಂತ್ರದ ಭಾರ ಭಾಲ್ಕಿಯಲ್ಲಿ ೨೭ ಪೈಸೆ, ಬೀದರದಲ್ಲಿ ೨ ರೂಪಾಯಿ ೪೦ ಪೈಸೆ, ಔರಾದಿನಲ್ಲಿ ೧೬ ರೂಪಾಯಿ ೬೭ ಪೈಸೆ. ಹದಿನೈದು ಸಾವಿರದ ಯಂತ್ರದ ಭಾರ ಭಾಲ್ಕಿಯಲ್ಲಿ ೮೨ ಪೈಸೆ, ಬೀದರದಲ್ಲಿ ೭ ರೂಪಾಯಿ ೨೧ ಪೈಸೆ, ಔರಾದಿನಲ್ಲಿ ಪೂರಾ ೫೦ ರೂಪಾಯಿ.

ಒಂದೇ ಯಂತ್ರ, ಒಂದೇ ಬೆಲೆ, ಒಂದೇ ಜಿಲ್ಲೆ. ಆದರೂ ಒಂದು ಮನೆಯಲ್ಲಿ ಅದು ರೂಪಾಯಿಗಿಂತ ಕಡಿಮೆ, ಇನ್ನೊಂದರಲ್ಲಿ ಐವತ್ತು. ವಸ್ತು ದುಬಾರಿಯೋ ಅಗ್ಗವೋ ಎಂಬುದನ್ನು ಅಂಗಡಿಯ ಚೀಟಿ ಹೇಳಲಾರದು. ನಮ್ಮ ಮನೆಯ ಬಳಕೆ ಹೇಳಬೇಕು. ಬಳಸದೆ ಇಟ್ಟರೆ ಯಂತ್ರ ಉಳಿಯುವುದಲ್ಲವೇ ಎಂದು ಯಾರಾದರೂ ಕೇಳಬಹುದು. ಉಳಿಯುವುದಿಲ್ಲ. ರಬ್ಬರು ಒಣಗುತ್ತದೆ, ಕೊಳವೆಯಲ್ಲಿ ನಿಂತ ನೀರು ಕೆಡುತ್ತದೆ, ಖಾತರಿಯ ಅವಧಿ ಸುಮ್ಮನೆ ಮುಗಿಯುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಭಾಲ್ಕಿಯಲ್ಲಿ ದೊಡ್ಡ ಯಂತ್ರವನ್ನೇ ಕೊಳ್ಳಬಹುದೆಂದು ತೋರುತ್ತದೆ. ಲೋಟಕ್ಕೆ ೮೨ ಪೈಸೆ ಯಾವ ಭಾರ? ಆದರೆ ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚವೆಂಬುದೊಂದಿದೆ: ಒಂದು ವಸ್ತುವಿನ ನಿಜವಾದ ಬೆಲೆಯೆಂದರೆ ಅದಕ್ಕಾಗಿ ನಾವು ಬಿಟ್ಟುಕೊಟ್ಟ ಇನ್ನೊಂದು ವಸ್ತು. ಆ ಹದಿನೈದು ಸಾವಿರದ ಎದುರಿಗಿದ್ದುದು ಸೋರುವ ಮಾಳಿಗೆ. ಪೈಸೆಗಳು ಹತ್ತು ವರ್ಷದಲ್ಲಿ ಹಂಚಿಹೋಗುತ್ತವೆ, ಹಣ ಮಾತ್ರ ಮೊದಲ ದಿನವೇ ಹೋಗುತ್ತದೆ. ಮಳೆಯೂ ಹತ್ತು ವರ್ಷ ಕಾಯುವುದಿಲ್ಲ.

ಎರಡನೆಯ ಹೋಲಿಕೆ ಪುಡಿಯದು. ಲೋಟಕ್ಕೆ ಹತ್ತು ಗ್ರಾಂನಂತೆ ಭಾಲ್ಕಿಯ ಮನೆಗೆ ವರ್ಷಕ್ಕೆ ಹದಿನೆಂಟು ಕಿಲೋಗ್ರಾಂಗೂ ಸ್ವಲ್ಪ ಹೆಚ್ಚು ಪುಡಿ ಬೇಕು. ಕಿಲೋ ಎಂಟುನೂರು ರೂಪಾಯಿ ಎಂದು ಹಿಡಿದರೆ ೧೪,೬೦೦ ರೂಪಾಯಿ. ಅಂದರೆ ನಾವು ಚರ್ಚಿಸುತ್ತಿದ್ದ ದೊಡ್ಡ ಯಂತ್ರದಷ್ಟು ಹಣ ಪ್ರತಿ ವರ್ಷವೂ ಪುಡಿಗೆ ಹೋಗುತ್ತಿದೆ, ಯಾರೂ ಅದರ ಚರ್ಚೆ ಮಾಡುತ್ತಿಲ್ಲ! ದೊಡ್ಡ ಯಂತ್ರಕ್ಕೂ ಫಿಲ್ಟರಿಗೂ ಇರುವ ಅಂತರವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ೧,೪೫೦ ರೂಪಾಯಿ. ಅಷ್ಟೇ ಹಣದಲ್ಲಿ ಕಿಲೋಗೆ ಸುಮಾರು ಎಂಬತ್ತು ರೂಪಾಯಿ ಹೆಚ್ಚು ಬೆಲೆಯ ಪುಡಿಯನ್ನು ವರ್ಷವಿಡೀ ಕುಡಿಯಬಹುದು. ಹಳತಾದ ಪುಡಿಯನ್ನು ಯಾವ ಯಂತ್ರವೂ ಹೊಸದು ಮಾಡಲಾರದು. ಒಳ್ಳೆಯ ಪುಡಿಯನ್ನು ಸಾದಾ ಫಿಲ್ಟರು ಕೆಡಿಸುವುದಿಲ್ಲ.

ಪುಡಿ ಕೊಳ್ಳುವಾಗ ಎರಡು ವಿಷಯ ನೋಡಬೇಕು. ಮೊದಲನೆಯದು ಚಿಕೋರಿ. ಇದು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ; ಡಿಕಾಕ್ಷನ್ನಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ, ಬೆಲೆಯನ್ನು ಇಳಿಸುತ್ತದೆ. ಮಿಶ್ರಣದಲ್ಲಿ ಕಾಫಿ ನೂರಕ್ಕೆ ೫೧ಕ್ಕಿಂತ ಕಡಿಮೆಯಿರಕೂಡದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ನಿಯಮವಿದೆ. ಅದನ್ನು ಓದದೆ ಬೆಲೆ ಹೋಲಿಸುವುದು ವ್ಯರ್ಥ. ಎರಡನೆಯದು ತಾಜಾತನ. ಚಹಾದ ಸೀಮೆಯಲ್ಲಿ ಕಾಫಿಪುಡಿ ಅಂಗಡಿಯ ಕಪಾಟಿನಲ್ಲಿ ಬಹುಕಾಲ ಕೂಡುತ್ತದೆ. ತಯಾರಿಸಿದ ತಾರೀಖು ನೋಡಿ, ಸಣ್ಣ ಪೊಟ್ಟಣ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿಡುವುದು ಲೇಸು.

ವಿದ್ಯುತ್ತಿನ ವೆಚ್ಚವನ್ನು ಕುರಿತು ಅನೇಕರಿಗೆ ಅನಾವಶ್ಯಕ ಭಯವಿದೆ. ಒಂದು ಲೀಟರ್ ನೀರನ್ನು ೨೫ರಿಂದ ೯೫ ಡಿಗ್ರಿಗೆ ಏರಿಸಲು ಬೇಕಾದ ಶಕ್ತಿ ಒಂದು ಯೂನಿಟ್ಟಿನ ಹನ್ನೆರಡನೆಯ ಒಂದು ಭಾಗದಷ್ಟೇ. ಯೋಚಿಸಬೇಕಾದುದು ಬೇರೆ. ಬೆಳಿಗ್ಗೆ ಆರಕ್ಕೆ ವಿದ್ಯುತ್ತು ಹೋದರೆ ಯಂತ್ರ ಸುಮ್ಮನಾಗುತ್ತದೆ, ಗ್ಯಾಸಿನ ಒಲೆ ಸುಮ್ಮನಾಗುವುದಿಲ್ಲ. ಗಡಸುನೀರಿನ ಸುಣ್ಣ ಕೊಳವೆಯಲ್ಲಿ ಬಿಳಿಯ ಪದರವಾಗಿ ಕಟ್ಟುತ್ತದೆ. ಆಗಾಗ್ಗೆ ಲಿಂಬೆಹುಳಿ ಬೆರೆಸಿದ ನೀರು ಹಾಯಿಸಿ ತೊಳೆಯಬೇಕು. ಯಂತ್ರದ ಬಿಡಿಭಾಗ ನಮ್ಮ ಊರಿನಲ್ಲಿ ಸಿಗುವುದೇ, ಹೈದರಾಬಾದಿಗೆ ಕಳಿಸಬೇಕೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು. ದುರಸ್ತಿಯಾಗದ ಯಂತ್ರದ ಆಯುಷ್ಯವು ಅದರ ಮೊದಲ ಕೆಡುಕಿನವರೆಗೆ ಮಾತ್ರ.

ಹಾಗೆಂದು ಬೆಲೆಯುಳ್ಳ ಯಂತ್ರಗಳನ್ನು ಖಂಡಿಸುವುದು ನನ್ನ ಉದ್ದೇಶವಲ್ಲ. ಹಾಲಿಲ್ಲದೆ ದಿನವೂ ಹಲವು ಲೋಟ ಕುಡಿಯುವ ಮನೆಗೆ, ಹತ್ತಾರು ಜನ ಸೇರುವ ಕಚೇರಿಗೆ, ಕುದಿನೀರು ಎತ್ತಿ ಸುರಿಯಲು ಕೈ ನಡುಗುವ ವೃದ್ಧರಿಗೆ ಅದು ಸಾರ್ಥಕವಾದ ವೆಚ್ಚವೇ. ಬರಿಯ ಚೆಲುವಿಗಾಗಿ ಹಣ ಕೊಡುವುದೂ ಪಾಪವಲ್ಲ. ನಮ್ಮ ಬಿದರಿ ಕಲೆಯ ಹೂಜಿಗೆ ಯಾರೂ ನೀರಿನ ಲೆಕ್ಕ ಹಾಕುವುದಿಲ್ಲ. ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿ ಕೂಡಿಸಿದ ಕೈಯ ಕೆಲಸಕ್ಕೆ ಬೆಲೆ ಕೊಡುತ್ತಾರೆ. ಆದರೆ ಚೆಲುವಿಗಾಗಿ ಕೊಟ್ಟ ಹಣವನ್ನು ಚೆಲುವಿನ ಖಾತೆಯಲ್ಲಿ ಬರೆಯಬೇಕು, ಕಾಫಿಯ ಖಾತೆಯಲ್ಲಿ ಅಲ್ಲ.

ಆಯಿಯ ಮಾತು, ಅವ್ವನ ಮಾತು ಎರಡಕ್ಕೂ ಈಗ ಸ್ಥಾನ ದೊರೆಯುತ್ತದೆ. ತುಷ್ಟಿಗುಣವು ವಸ್ತುವಿನಲ್ಲಿಲ್ಲ, ಅದನ್ನು ಬಯಸುವವನಲ್ಲಿದೆ. ಔರಾದಿನ ಆಯಿಗೆ ಕಾಫಿಯಿಂದ ಬರುವ ತುಷ್ಟಿ ಸೊನ್ನೆ. ಅವಳ ಮನೆಯ ಮಟ್ಟಿಗೆ ಅವಳ ಮಾತು ನೂರಕ್ಕೆ ನೂರು ಸರಿ. ಅಲ್ಲಿ ಭಾವ ಹೋದಾಗ ಮಲೆನಾಡಿನ ಅನೇಕ ಮನೆಗಳ ಪದ್ಧತಿಯಂತೆ ಪುಡಿ ಕುದಿಸಿ ತೆಳುಬಟ್ಟೆಯಲ್ಲಿ ಸೋಸಿದರೆ ಸಾಕು, ಖರ್ಚೇ ಇಲ್ಲ. ಊರು ಬಿಟ್ಟು ಬಂದ ಭಾವನಿಗೆ ಬೆಳಗಿನ ಮೊದಲ ಲೋಟ ಬರಿಯ ಪಾನೀಯವಲ್ಲ. ಆ ಮನೆಯಲ್ಲಿ ಕಾಫಿಗೆ ವೆಚ್ಚ ಮಾಡುವುದು ದುಂದುಗಾರಿಕೆಯಾಗದು. ಆದರೆ ಅವರಿಗೆ ಬೇಕಾದುದೇನೆಂದು ಅವರನ್ನೇ ಕೇಳಿದಾಗ ಬಂದ ಉತ್ತರ ಇಷ್ಟೇ: “ಯಂತ್ರದ ಮೇಲೆ ನನಗೇನೂ ಆಸೆಯಿಲ್ಲ ಮಾರಾಯ. ಬೆಳಿಗ್ಗೆ ಆರಕ್ಕೆ ಒಂದು ಲೋಟ ಗಟ್ಟಿ ಕಾಫಿ ಸಿಕ್ಕರೆ ಸಾಕು.” ರಾತ್ರಿ ಮಲಗುವ ಮೊದಲು ಫಿಲ್ಟರಿಗೆ ನೀರು ಸುರಿದಿಟ್ಟರೆ ಬೆಳಿಗ್ಗೆ ಡಿಕಾಕ್ಷನ್ ಸಿದ್ಧವಿರುತ್ತದೆ, ಹಾಲು ಕಾಯಿಸುವುದಷ್ಟೇ ಉಳಿದ ಕೆಲಸ. ಅವರಿಗೆ ಬೇಕಾಗಿದ್ದ ಸಮಯವನ್ನು ಹೀಗೆ ಯಾವ ಖರ್ಚೂ ಇಲ್ಲದೆ ಒದಗಿಸಬಹುದಾಗಿತ್ತು.

ನಾನು ಒಪ್ಪಿಸಿದ ತೀರ್ಮಾನವಿದು. ಭಾಲ್ಕಿಗೆ ಎರಡು ಸ್ಟೀಲ್ ಫಿಲ್ಟರು: ದಿನದ ಬಳಕೆಗೆ ಚಿಕ್ಕದು, ಅತಿಥಿಗಳಿಗೆ ದೊಡ್ಡದು. ದೊಡ್ಡ ಫಿಲ್ಟರಿನಲ್ಲಿ ಸ್ವಲ್ಪ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಬೇಗ ಇಳಿದುಹೋಗುತ್ತದೆ. ಆದುದರಿಂದ ಅಳತೆಗೆ ತಕ್ಕ ಪಾತ್ರೆ ಅವಶ್ಯ. ಎರಡಕ್ಕೂ ಕೂಡಿ ಒಂದು ಸಾವಿರದ ಮಿತಿ. ಪುಡಿಯನ್ನು ಮೊದಲಿಗಿಂತ ಒಂದು ಮೆಟ್ಟಿಲು ಮೇಲಿನದು ತರುವುದು. ಉಳಿದ ಹಣ ಮಾಳಿಗೆಗೆ. ಬೀದರಕ್ಕೆ ಒಂದು ಚಿಕ್ಕ ಫಿಲ್ಟರು. ಔರಾದಿಗೆ ಏನೂ ಬೇಡ. ಇದರಂತೆಯೇ ನಡೆಯಿತು. ಮುಂಗಾರಿಗೆ ಮೊದಲೇ ಮಾಳಿಗೆಯ ಕೆಲಸ ಮುಗಿಯಿತು.

ಇದರಿಂದ ದೊರೆಯುವ ನಿಯಮವನ್ನು ಕಾಫಿ ಕುಡಿಯದ ಸಹಪಾಠಿಗಳೂ ಸೈಕಲಿಗೆ, ಮಿಕ್ಸರಿಗೆ, ಮೊಬೈಲಿಗೆ ಅನ್ವಯಿಸಿಕೊಳ್ಳಬಹುದು. ಮೊದಲು ಎಲ್ಲಕ್ಕಿಂತ ಅಗ್ಗವಾದ, ಆದರೆ ಕೆಲಸ ಮಾಡುವ ಸಾಧನದಿಂದ ಒಂದು ತಿಂಗಳು ನಡೆಸಿ, ಬಳಕೆಯನ್ನು ದಿನದಿನವೂ ಬರೆದಿಡಬೇಕು. ಅದರಿಂದ ವರ್ಷದ ಬಳಕೆಯನ್ನು ಕಂಡುಕೊಂಡು, ವಸ್ತುವಿನ ಆಯುಷ್ಯದಿಂದ ಗುಣಿಸಿ, ಬೆಲೆಯನ್ನು ಅದಕ್ಕೆ ಹಂಚಬೇಕು. ಬಳಿಕ ಅದೇ ಹಣ ಇನ್ನೇನನ್ನು ಮಾಡಬಲ್ಲುದೆಂದು ಮನೆಯವರೆಲ್ಲ ಕೂಡಿ ಕೇಳಿಕೊಳ್ಳಬೇಕು. ಬಯಕೆ ನಿಜವಾದುದಾದರೆ ಆ ತಿಂಗಳು ಕಳೆದ ಮೇಲೂ ಉಳಿದಿರುತ್ತದೆ; ಆಗ ಕೊಳ್ಳುವುದಕ್ಕೆ ಸಂಕೋಚ ಬೇಡ.